ಪಿಎಚ್‌ಡಿಗೆ ಗ್ಯಾಲಿಯಂ ಆರ್ಸೆನೈಡಾ, 2ಡಿ ಮೆಟೀರಿಯಲ್ಲಾ? ಸ್ಕೋಪ್ ಯಾವುದಕ್ಕೆ ಜಾಸ್ತಿ?

ಎಂಎಸ್‌ಸಿ ಮುಗಿಸಿದ ವರ್ಷ ನಾನೂ ಇದನ್ನೇ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ನಿಮಗೆ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಆಗಿದೆ, ಎರಡು ಸ್ಪೆಕ್ಟ್ರೋಸ್ಕೋಪಿ ಲ್ಯಾಬುಗಳು ಕರೆಯುತ್ತಿವೆ, ಒಂದು ಹಳೇ ವಿಷಯ, ಗ್ಯಾಲಿಯಂ ಆರ್ಸೆನೈಡ್ ಅನ್ನುವ ಅರೆವಾಹಕ, ಇನ್ನೊಂದು ಹೊಸದು, ಒಂದೆರಡು ಪದರದಷ್ಟೇ ತೆಳುವಾದ 2ಡಿ ವಸ್ತು. ಸ್ಕೋಪ್ ಮಾತು ಆಮೇಲೆ. ಮೊದಲು ನನ್ನ ಕಥೆ ಕೇಳಿ.

ನಾನು ಬೆಂಗಳೂರಿನ ಒಂದು ಲ್ಯಾಬಿಗೆ ಸೇರಿದೆ. ಗ್ಯಾಲಿಯಂ ಆರ್ಸೆನೈಡ್ ಕ್ವಾಂಟಮ್ ವೆಲ್‌ಗಳ ಫೋಟೋಲುಮಿನೆಸೆನ್ಸ್ ನನ್ನ ಕೆಲಸ. ವೆಲ್ ಅಂದರೆ ಕೆಲವೇ ನ್ಯಾನೋಮೀಟರ್ ದಪ್ಪದ ಪದರ. ಸ್ಯಾಂಪಲ್ ಮೇಲೆ ಲೇಸರ್ ಬಿಡುವುದು, ಅದು ವಾಪಸ್ ಕೊಡುವ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿದೆ ಅಂತ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡುವುದು, ಅಷ್ಟೇ. ಸೀನಿಯರ್‌ಗಳ ಕಾಲದಲ್ಲಿ ಅಲ್ಲಿ 532 ನ್ಯಾನೋಮೀಟರ್‌ನ ಹಸಿರು ಲೇಸರ್ ಇತ್ತು. ಅದು ಕೆಟ್ಟುಹೋಯಿತು. ನಾನು 405ರ ನೇರಳೆ ಡಯೋಡ್ ಲೇಸರ್ ತಂದು ಕೂರಿಸಿದೆ. ಬೇರೆ ಏನನ್ನೂ ಮುಟ್ಟಲಿಲ್ಲ.

ದ್ರವ ಹೀಲಿಯಂ ಹರಿಸಿ 4 ಕೆಲ್ವಿನ್‌ಗೆ ಇಳಿಸಿದಾಗ ಗ್ಯಾಲಿಯಂ ಆರ್ಸೆನೈಡಿನ ಸ್ವಂತ ಪೀಕ್, ಅಂದರೆ ಬೆಳಕು ಜಾಸ್ತಿ ಇರುವ ಜಾಗ, 819ರ ಹತ್ತಿರ ಬರುತ್ತದೆ. ನನ್ನ ವೆಲ್‌ನದು 800ರ ಆಸುಪಾಸು. ಇವೆರಡರ ನಡುವೆ, ಸರಿಯಾಗಿ 810ರಲ್ಲಿ, ಸೂಜಿಯಂಥ ಒಂದು ಪೀಕ್ ಎದ್ದು ನಿಂತಿತ್ತು. ಯಾವ ಪೇಪರಿನಲ್ಲೂ ಅದು ಕಾಣಲಿಲ್ಲ. ಸ್ಯಾಂಪಲ್ ಬಿಸಿಯಾದ ಹಾಗೆ ಉಳಿದ ಪೀಕ್‌ಗಳು ಕೆಂಪಿನ ಕಡೆ ಜರುಗಿದವು. ಕೋಣೆಯ ಉಷ್ಣತೆಗೆ ಬರುವಷ್ಟರಲ್ಲಿ 819ರದ್ದು 870ರ ಹತ್ತಿರ ಹೋಗಿತ್ತು. ಈ 810 ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅನುಮಾನ ಬರಬೇಕಿದ್ದ ಜಾಗದಲ್ಲಿ ನನಗೆ ಖುಷಿಯಾಯಿತು. ಯಾಕೆಂದರೆ ಅದಕ್ಕೊಂದು ಕಾರಣ ಕೈಯಲ್ಲೇ ಇತ್ತು. ಗ್ಯಾಲಿಯಂ ಆರ್ಸೆನೈಡಿಗೆ ಎರ್ಬಿಯಂ ಅನ್ನುವ ಲೋಹ ಸೇರಿಸಿದರೆ 1540ರಲ್ಲಿ ಬರುವ ಬೆಳಕೂ ಹೀಗೇ, ಉಷ್ಣತೆ ಏನೇ ಇರಲಿ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ, ಯಾಕೆಂದರೆ ಅದು ಆ ಪರಮಾಣುವಿನೊಳಗಿನ ಎಲೆಕ್ಟ್ರಾನಿನ ಜಿಗಿತ. ನನ್ನದೂ ಯಾವುದೋ ಕಲಬೆರಕೆ ಪರಮಾಣುವಿನ ಕೆಲಸ ಅಂತ ಪುಟಗಟ್ಟಲೆ ಬರೆದು ಪೇಪರ್ ಕಳಿಸಿದೆ.

ಪೇಪರ್ ಪರಿಶೀಲಿಸಿದ ರೆಫರಿ ಕೇಳಿದ್ದು ಒಂದೇ ಸಾಲು: ಸ್ಪೆಕ್ಟ್ರೋಮೀಟರಿಗೆ ಬೆಳಕು ಹೋಗುವ ಸ್ಲಿಟ್ ಮುಂದೆ ಯಾವ ಫಿಲ್ಟರ್ ಇಟ್ಟಿದ್ದಿರಿ?

405ನ್ನು ಎರಡರಿಂದ ಗುಣಿಸಿ ನೋಡಿ. ಬಣ್ಣಗಳನ್ನು ಬೇರೆ ಮಾಡುವ ಗ್ರೇಟಿಂಗ್ ಅನ್ನುವ ಗೀರುಪಟ್ಟಿ ಒಂದೇ ಬಣ್ಣವನ್ನು ಹಲವು ಕೋನಗಳಿಗೆ ಕಳಿಸುತ್ತದೆ, ಅವೇ ಮೊದಲ ಆರ್ಡರ್, ಎರಡನೇ ಆರ್ಡರ್. ಸ್ಪೆಕ್ಟ್ರೋಮೀಟರಿನ ಗ್ರೇಟಿಂಗ್ 810ನ್ನು ಮೊದಲ ಆರ್ಡರ್‌ನಲ್ಲಿ ಯಾವ ಕೋನಕ್ಕೆ ಕಳಿಸುತ್ತದೋ, 405ನ್ನು ಎರಡನೇ ಆರ್ಡರ್‌ನಲ್ಲಿ ಅದೇ ಕೋನಕ್ಕೆ ಕಳಿಸುತ್ತದೆ. ನಾನು ಅಷ್ಟು ದಿನ ಅಳೆದದ್ದು ನನ್ನದೇ ಲೇಸರ್! ಹಸಿರು ಲೇಸರ್ ಇದ್ದಾಗ ಎರಡನೇ ಆರ್ಡರ್ 1064ಕ್ಕೆ ಬೀಳುತ್ತಿತ್ತು, ನಾವು ನೋಡುತ್ತಿದ್ದದ್ದು 900ರ ತನಕ, ಹಾಗಾಗಿ ಸೀನಿಯರ್‌ಗಳು ಫಿಲ್ಟರ್ ಇಲ್ಲದೆಯೇ ಆರಾಮಾಗಿದ್ದರು. ನಾನು ಅವರ ಸೆಟಪ್ ಇಸ್ಕೊಂಡೆ, ಅದು ಯಾಕೆ ಹಾಗಿದೆ ಅಂತ ಕೇಳಲಿಲ್ಲ. ನೇರಳೆಯನ್ನು ತಡೆದು ಕೆಂಪಿನ ಕಡೆಯದನ್ನು ಮಾತ್ರ ಬಿಡುವ ಲಾಂಗ್ ಪಾಸ್ ಫಿಲ್ಟರ್ ಒಂದು ಡ್ರಾಯರ್‌ನಲ್ಲೇ ಇತ್ತು. ಅದೂ ಬೇಡ, ಲೇಸರನ್ನು ಸ್ಯಾಂಪಲ್ ಬಿಟ್ಟು ಪಕ್ಕದ ತಾಮ್ರದ ಹೋಲ್ಡರ್ ಮೇಲೆ ಸರಿಸಿದ್ದರೆ ಸಾಕಿತ್ತು. ತಾಮ್ರದ ಮೇಲೂ 810 ಬಂತು ಅಂದರೆ ಕಥೆ ಮುಗಿಯಿತು, ಐದು ನಿಮಿಷದ ಕೆಲಸ.

ಪೇಪರ್ ಹೋಯಿತು, ಥೀಸಿಸ್‌ನ ಒಂದು ಅಧ್ಯಾಯ ಹೋಯಿತು, ಫೆಲೋಶಿಪ್ ಮುಗಿದ ಮೇಲೂ ಎಳೆದಾಡಿದೆ, ಮಾತಾಗಿದ್ದ ಪೋಸ್ಟ್‌ಡಾಕ್ ಬೇರೆಯವರ ಪಾಲಾಯಿತು. ಇಷ್ಟಕ್ಕೂ ಸಿ.ವಿ. ರಾಮನ್ 1928ರಲ್ಲಿ ಕೋಲ್ಕತ್ತಾದಲ್ಲಿ ಮಾಡಿದ್ದು ಏನು ಹೇಳಿ? ಒಳಗೆ ಹೋಗುವ ಬೆಳಕಿಗೆ ನೇರಳೆ ಫಿಲ್ಟರ್, ಹೊರಗೆ ಬರುವುದಕ್ಕೆ ಹಸಿರು ಫಿಲ್ಟರ್. ಬಿಟ್ಟ ಬೆಳಕೇ ವಾಪಸ್ ಬಂದು ಮೋಸ ಮಾಡದ ಹಾಗೆ ಮೊದಲು ಬಾಗಿಲು ಹಾಕಿಕೊಂಡಿದ್ದರು. ಬಿಎಸ್‌ಸಿಯಿಂದ ಇದನ್ನು ಓದಿಕೊಂಡೇ ಬಂದಿದ್ದೆ ನಾನು.

ಈಗ ನಿಮ್ಮ ಸ್ಕೋಪ್. ಆ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ರಷ್ಯಾದ ಭೌತವಿಜ್ಞಾನಿ ಅಲೆಕ್ಸಿ ಎಕಿಮೊವ್ 1980ರ ದಶಕದ ಶುರುವಿನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಬಣ್ಣದ ಗಾಜಿನ ಅಬ್ಸಾರ್ಪ್ಶನ್ ಅಳೆಯುತ್ತಿದ್ದರು. ಗಾಜಿನೊಳಗಿನ ಕಾಪರ್ ಕ್ಲೋರೈಡ್ ಹರಳು ಸಣ್ಣದಾದಷ್ಟೂ ಅದು ಹೀರುವ ಬೆಳಕು ನೀಲಿಯ ಕಡೆ ಸರಿಯುತ್ತಿತ್ತು. ಗಾಜು ಅಂದರೆ ಎಷ್ಟು ಹಳೇ ವಿಷಯ ಅಲ್ವಾ? ಅಂಥ ಸಣ್ಣ ಹರಳಿಗೇ ಈಗ ಕ್ವಾಂಟಮ್ ಡಾಟ್ ಅಂತ ಹೆಸರು, ಅದಕ್ಕೇ 2023ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ನಿಮ್ಮ 2ಡಿ ಕಡೆ ಬಂದರೆ, ಮಾಲಿಬ್ಡಿನಮ್ ಡೈಸಲ್ಫೈಡ್ ಒಂದೇ ಪದರವಾದಾಗ ಚೆನ್ನಾಗಿ ಹೊಳೆಯುತ್ತದೆ ಅಂತ 2010ರಲ್ಲಿ ತೋರಿಸಿದ್ದು ಇದೇ ಫೋಟೋಲುಮಿನೆಸೆನ್ಸ್‌ನಿಂದ. ಇದನ್ನು ಸರಿಯಾಗಿ ಅಳೆಯಲು ಕಲಿತವರು ವಸ್ತು ಬದಲಾಯಿಸಿಕೊಳ್ಳಬಹುದು. ನಾನೂ ಈಗ ಗ್ಯಾಲಿಯಂ ನೈಟ್ರೈಡ್ ವೇಫರ್‌ಗಳನ್ನು ನೋಡುತ್ತಿದ್ದೇನೆ, ಕೆಲಸಕ್ಕೆ ಬಂದದ್ದು ಬೆಳಕಿನ ದಾರಿ ಸರಿ ಕೂರಿಸುವ ಅಲೈನ್‌ಮೆಂಟೇ ಹೊರತು ಆರ್ಸೆನೈಡ್ ಅಲ್ಲ.

ಹಾಗಾಗಿ ಎರಡೂ ಲ್ಯಾಬಿಗೆ ಒಮ್ಮೆ ಹೋಗಿ ಬನ್ನಿ. ಪ್ರೊಫೆಸರ್ ಇಲ್ಲದಾಗ ಅಲ್ಲಿನ ಹುಡುಗರನ್ನು ಕೇಳಿ: ಲೇಸರ್ ಅಲೈನ್ ಮಾಡುವುದು ಯಾರು? ಕಂಪನಿ ಎಂಜಿನಿಯರ್ ಬಂದು ಮಾಡಿ ಹೋಗುತ್ತಾರೆ, ನಾವು ಮುಟ್ಟುವ ಹಾಗಿಲ್ಲ ಅಂದರೆ ವಿಷಯ ಎಷ್ಟೇ ಹೊಸದಿರಲಿ, ಬೇಡ. ಜೆಆರ್‌ಎಫ್ ಹಣ ತಿಂಗಳಿಗೆ 37,000 ರೂಪಾಯಿ, ಎರಡೂ ಕಡೆ ಒಂದೇ, ಅದರ ಲೆಕ್ಕ ಬಿಡಿ. ಎರಡೂ ಕಡೆ ಸುಮ್ನೆ ಮುಟ್ಟಲು ಬಿಡುತ್ತಾರೆ ಅಂತಾದರೆ ಹೀಲಿಯಂಗೆ ಕ್ಯೂ ಕಡಿಮೆ ಇರುವ ಕಡೆ ಸೇರಿಕೊಳ್ಳಿ.