ಓದುಗರ ಪ್ರಶ್ನೆ: ಹಾಕಿ ನೋಡ್ತೀನಿ, ಅರ್ಥ ಆಗಲ್ಲ

ಪ್ರಶ್ನೆ: ಸಾರ್, ಟಿವಿಯಲ್ಲಿ ಹಾಕಿ ಮ್ಯಾಚು ಬಂದರೆ ನಾನು ಒಂದೂ ಬಿಡೋಲ್ಲ. ಆದರೆ ಮಾರನೇ ದಿನ ಟೀ ಅಂಗಡಿಯಲ್ಲಿ ಯಾರಾದ್ರೂ ‘ಯಾಕೆ ಸೋತ್ರು?’ ಅಂದರೆ ‘ಲಕ್ ಇರಲಿಲ್ಲ ಬಿಡಿ’ ಅನ್ನೋದು ಬಿಟ್ಟು ನನ್ನ ಬಾಯಲ್ಲಿ ಇನ್ನೇನೂ ಬರಲ್ಲ. ಆಟ ಅರ್ಥ ಮಾಡ್ಕೊಳ್ಳೋಕೆ ಆಡಿ ಗೊತ್ತಿರಬೇಕಾ?
– ಓದುಗ, ಮಂಡ್ಯ

ಉತ್ತರ: ಬೇಕಿಲ್ಲ. ಕ್ರಿಕೆಟ್ ಬಗ್ಗೆ ಗಂಟೆಗಟ್ಟಲೆ ಮಾತಾಡೋರಲ್ಲಿ ಎಷ್ಟು ಜನ ಪ್ಯಾಡ್ ಕಟ್ಟಿದ್ದಾರೆ ಹೇಳಿ?

ನಿಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡ್ತಿದೆ, ಅಷ್ಟೇ ತೊಂದರೆ. ಚೆಂಡು ಈ ತಂಡದಿಂದ ಆ ತಂಡಕ್ಕೆ ಹೋದ ಕೂಡಲೇ ಅದನ್ನು ಬಿಟ್ಟುಬಿಡಿ, ಕಳೆದುಕೊಂಡವರು ಏನು ಮಾಡ್ತಾರೆ ನೋಡಿ. ಅಲ್ಲೇ ಮುಗಿಬಿದ್ದು ಕಿತ್ತುಕೊಳ್ಳೋಕೆ ಹೋಗ್ತಾರಾ, ಇಲ್ಲಾ ಹಿಂದಕ್ಕೆ ಓಡಿ ತಮ್ಮ ಕಡೆ ಸಾಲುಗಟ್ಟಿ ನಿಲ್ತಾರಾ? ಒಂದು ಕ್ವಾರ್ಟರ್, ಅಂದರೆ 15 ನಿಮಿಷ, ಇದೊಂದನ್ನೇ ನೋಡಿದರೆ ಕೋಚ್ ಏನು ಹೇಳಿ ಕಳಿಸಿದ್ದಾರೆ ಅನ್ನೋದು ಅರ್ಧ ಗೊತ್ತಾಗುತ್ತೆ.

ಇನ್ನೊಂದು, ‘ಡಿ’ (ಗೋಲ್ ಮುಂದೆ ಗೆರೆ ಹಾಕಿದ ಅರ್ಧವೃತ್ತದಂಥ ಜಾಗ) ಒಳಗೆ ಎಷ್ಟು ಸಲ ನುಗ್ಗಿದರು, ಯಾವ ಕಡೆಯಿಂದ ಅಂತ ಒಂದು ಹಾಳೆಯಲ್ಲಿ ಗೀಟು ಹಾಕ್ತಾ ಹೋಗಿ. ಬಲಗಡೆಯ ದಾಳಿಗೆ ಒಂದು ಅನುಕೂಲ ಇದೆ. ಹಾಕಿಯಲ್ಲಿ ಎಡಗೈ ಸ್ಟಿಕ್ ಅಂತ ಇಲ್ಲ, ಚಪ್ಪಟೆ ಬದಿಯಲ್ಲೇ ಆಡಬೇಕು. ಹಾಗಾಗಿ ಎದುರು ನಿಂತವನು ತನ್ನ ಎಡಗಡೆ ಬರೋ ಚೆಂಡು ತಡೆಯೋಕೆ ಸ್ಟಿಕ್ ತಿರುಗಿಸಬೇಕು, ಅದು ಕಷ್ಟ. ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಲಗಡೆ ಓಡಿದ ಹಳೇ ವಿಡಿಯೋ ನೋಡಿ, ಗೊತ್ತಾಗುತ್ತೆ.

ಪೆನಾಲ್ಟಿ ಕಾರ್ನರ್ (ಸಾಮಾನ್ಯವಾಗಿ ‘ಡಿ’ ಒಳಗೆ ತಡೆಯೋರು ತಪ್ಪು ಮಾಡಿದರೆ ಎದುರಾಳಿಗೆ ಸಿಗೋ ಗೋಲ್ ಅವಕಾಶ) ಅಂತೂ ಕಲಿಯೋರಿಗೆ ಹಬ್ಬ, ಯಾಕೆಂದರೆ ಎಲ್ಲರೂ ನಿಂತಿರ್ತಾರೆ. ಗೋಲ್‌ಕೀಪರ್ ಸೇರಿ ತಡೆಯೋರು ಐದೇ ಜನ, ಉಳಿದವರು ಮಧ್ಯದ ಗೆರೆಯ ಆಚೆ. ಜನ ಗೋಲಿಗೆ ಫ್ಲಿಕ್ ಹೊಡೆಯೋನನ್ನೇ (ಚೆಂಡನ್ನು ಸ್ಟಿಕ್‌ನಿಂದ ಎತ್ತಿ ಎಸೆಯೋನನ್ನೇ) ನೋಡ್ತಾ ಕೂರ್ತಾರೆ. ನೀವು ಗೋಲ್‌ನಿಂದ ಮೊದಲು ನುಗ್ಗಿ ಬರೋ ಮಾಸ್ಕ್ ಹಾಕಿದ ಆಟಗಾರನನ್ನು ನೋಡಿ. ಚೆಂಡು ಮೈಗೆ ಬಿದ್ದರೂ ಬೀಳಲಿ ಅಂತ ಬರ್ತಾನೆ, ಪುಣ್ಯಾತ್ಮ! ಅವನು ಒಂದು ಬದಿ ಮುಚ್ಚಿದರೆ ಇನ್ನೊಂದು ಬದಿ ಕೀಪರ್ ಪಾಲಿಗೆ. ಅವನು ಅರ್ಧ ಹೆಜ್ಜೆ ತಡವಾದರೂ ಸಾಕು, ಲೆಕ್ಕ ತಪ್ಪುತ್ತೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮಗೆ ಆ ಕೆಲಸ ಮಾಡ್ತಿದ್ದವರು ಅಮಿತ್ ರೋಹಿದಾಸ್. ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್‌ನ 17ನೇ ನಿಮಿಷದಲ್ಲೇ ಅವರಿಗೆ ರೆಡ್ ಕಾರ್ಡ್ ಬಿತ್ತು. ಉಳಿದಷ್ಟೂ ಹೊತ್ತು ಹತ್ತೇ ಜನ ಆಡಿ 1-1ಕ್ಕೆ ನಿಲ್ಲಿಸಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಆ ಮ್ಯಾಚನ್ನು ಪೂರ್ತಿ ಇನ್ನೊಂದು ಸಲ ನೋಡಿ. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದದ್ದು ಎಲ್ಲರಿಗೂ ಗೊತ್ತು. ನೀವು ಫಾರ್ವರ್ಡ್‌ಗಳು ಎಷ್ಟು ಹಿಂದೆ ಬಂದು ನಿಂತಿದ್ದಾರೆ ಅಂತ ನೋಡಿ. ನಿಷೇಧದಿಂದಾಗಿ ರೋಹಿದಾಸ್ ಸೆಮಿಫೈನಲ್‌ಗೆ ಇರಲಿಲ್ಲ, ಜರ್ಮನಿಗೆ 2-3ರಿಂದ ಸೋತೆವು. ಅದೊಂದೇ ಕಾರಣ ಅಂತಲ್ಲ, ಆದರೂ ಟೀ ಅಂಗಡಿಯಲ್ಲಿ ‘ಲಕ್’ ಅನ್ನೋದಕ್ಕಿಂತ ಇದು ವಾಸಿ ಅಲ್ವಾ?

ಟಿವಿಯಲ್ಲಿ ಇಡೀ ಮೈದಾನ ಕಾಣಲ್ಲ. ಬೇಸಿಗೆಯಲ್ಲಿ ಮೈಸೂರಿಗೆ ಬಂದು ಕೊಡಗಿನ ಬಸ್ ಹತ್ತಿ, 1997ರಿಂದ ನಡೀತಿರೋ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ ಬನ್ನಿ. ಗೋಲ್ ಹಿಂದೆ ಸ್ವಲ್ಪ ಎತ್ತರದಲ್ಲಿ ಕೂತುಕೊಳ್ಳಿ. ಪಕ್ಕದಲ್ಲಿ ಕೂತ ಹಿರಿಯರ ಗೊಣಗಾಟವನ್ನೂ ಕೇಳಿಸಿಕೊಳ್ಳಿ, ಸುಮ್ನೆ ಹೋಗೋದಲ್ಲ ಅದು.

ಪ್ರಶ್ನೆ: ಹಾಕಿಯಲ್ಲಿ ಒಬ್ಬ ಎದುರಾಳಿ ಗೋಲ್ ಹತ್ತಿರವೇ ನಿಂತಿರ್ತಾನೆ. ಫುಟ್‌ಬಾಲ್ ಥರ ಆಫ್‌ಸೈಡ್ ಕೊಡಲ್ವಾ?
– ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ಇಲ್ಲಮ್ಮ, 1990ರ ದಶಕದಲ್ಲೇ ಆ ನಿಯಮ ತೆಗೆದರು. ಅವನು ಸುಮ್ನೆ ನಿಂತಂತೆ ಕಾಣುತ್ತೆ, ಆದರೆ ಅವನನ್ನು ಕಾಯೋಕೆ ಒಬ್ಬ ಡಿಫೆಂಡರ್ ಅಲ್ಲೇ ಉಳಿಯಬೇಕು. ಆಗ ಮಧ್ಯದಲ್ಲಿ ಜಾಗ ಸಿಗೋದು ಯಾರಿಗೆ, ಮುಂದಿನ ಮ್ಯಾಚಲ್ಲಿ ನೀವೇ ನೋಡಿ.