"ನಮ್ಮ ಹುಡುಗಗ ಧೈರ್ಯ ತುಂಬ್ರಿ"

ಮನೆಯ ಪ್ರಾಣಿಗೆ ಹೆದರಿದ ಹುಡುಗನ ಪ್ರಕರಣ ನನ್ನ ಹತ್ತಿರ ಬಂದಿದ್ದು ಇದು ಮೂರನೇ ಸಲ. ಒಮ್ಮೆ ಹಾಯುವ ಎತ್ತಿನ ವಿಷಯ. ಎರಡು ಸಲ ಕುದುರೆ. ಪ್ರತಿ ಸಲವೂ ಮನೆಯವರು ಒಬ್ಬ ಹುಡುಗನನ್ನು ಕರೆತಂದು ಕೂರಿಸಿ ಹೇಳುವ ಮಾತು ಒಂದೇ: ಇವನಿಗೆ ಧೈರ್ಯ ತುಂಬಿ. ಈ ಸಲ ನಾನು ಕೊಟ್ಟ ಸಲಹೆಯನ್ನು ನನ್ನ ಜೊತೆ ಕೆಲಸ ಮಾಡುವವರೇ ತಪ್ಪು ಅಂದರು. ಅದಕ್ಕೇ ಬರೀತಿದ್ದೇನೆ. ಗುರುತು ಸಿಗಬಾರದು ಅಂತ ಊರು, ವಯಸ್ಸು, ಕುದುರೆಯ ಬಣ್ಣ ಎಲ್ಲ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ನಾನಿರುವುದು ಸೊಲ್ಲಾಪುರದಲ್ಲಿ, ಜನರ ಭಯ, ಚಿಂತೆ ಕೇಳಿ ಸಲಹೆ ಕೊಡುವುದು ನನ್ನ ಕೆಲಸ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಕನ್ನಡದವರು ಜಾಸ್ತಿ ಬರುತ್ತಾರೆ. ಮರಾಠಿ ಎಲ್ಲರಿಗೂ ಬರುತ್ತೆ, ಆದರೆ ಮನಸ್ಸಿನ ಮಾತು ಅಂದಾಗ ಕನ್ನಡವೇ ಬೇಕು.

ಹುಡುಗನಿಗೆ ಇಪ್ಪತ್ತೆರಡು. ಎರಡು ವರ್ಷದ ಹಿಂದೆ ಅಪ್ಪ ಅಕಲೂಜದ ಸಂತೆಯಿಂದ ಒಂದು ಗಂಡು ಕುದುರೆ ತಂದಿದ್ದರು. ಊರ ಜಾತ್ರೆಯಲ್ಲಿ ದೇವರ ಮುಂದೆ ಇವರ ಮನೆಯ ಕುದುರೆ ನಡೆಯಬೇಕು, ಅದು ಅಜ್ಜನ ಕಾಲದಿಂದ ಬಂದ ಸೇವೆ. ಮೊದಲ ವರ್ಷ ಏನೂ ಆಗಲಿಲ್ಲ. ಆಮೇಲೆ ಕುದುರೆ ಜೀನು ಹಾಕಿ ಹತ್ತಿದರೆ ಸಾಕು, ನಾಲ್ಕು ಹೆಜ್ಜೆ ಹೋಗಿ ನಿಂತು ಮುಂಗಾಲೆತ್ತಿ ನೆಟ್ಟಗೆ ನಿಲ್ಲೋಕೆ ಶುರು ಮಾಡಿತು. ಎರಡು ಸಲ ಇಳಿಯಿತು. ಮೂರನೇ ಸಲ ಹಿಂದಕ್ಕೆ ಮಗುಚಿ ಬಿತ್ತು. ಹುಡುಗ ಪಕ್ಕಕ್ಕೆ ಜಾರಿದ್ದರಿಂದ ಬದುಕಿದ, ಹೆಗಲ ಹತ್ತಿರದ ಕೊರಳೆಲುಬು ಮುರೀತು. ಎಲುಬು ಕೂಡಿಕೊಂಡಿತು, ಆದರೆ ಅವನು ಮತ್ತೆ ಕುದುರೆ ಹತ್ತಲಿಲ್ಲ. ಹಣೆಯಲ್ಲಿ ಕೆಟ್ಟ ಸುಳಿ ಇದೆ ಅಂತ ಒಬ್ಬರು. ಎದ್ದಾಗ ಕಿವಿ ನಡುವೆ ಕೋಲಿನಿಂದ ಒಂದು ಕೊಟ್ಟರೆ ಇಳಿಯುತ್ತೆ ಅಂತ ಇನ್ನೊಬ್ಬರು. ಹುಡುಗ ಪುಕ್ಕಲ ಅಂತ ಎಲ್ಲರೂ.

ಮೊದಲೆರಡು ಭೇಟಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಅಪ್ಪ ಮಾತಾಡಿದರು, ಮಗ ನೆಲ ನೋಡಿದ. ನಾನೂ ಮಾಮೂಲಿ ದಾರಿಯಲ್ಲೇ ಹೊರಟಿದ್ದೆ. ನಿದ್ದೆ ಹೇಗಿದೆ, ಎದೆ ಹೊಡ್ಕೊಳ್ಳುತ್ತಾ, ಕನಸು ಬೀಳುತ್ತಾ. ಎಲ್ಲದಕ್ಕೂ ಹೌದು.

ಮೂರನೇ ಭೇಟಿಗೆ ಅಪ್ಪನ ಜೊತೆ ಅಮ್ಮನೂ ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಚೀಲ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ನಾನು ಹುಡುಗನಿಗೆ ಒಂದು ಟವೆಲ್ ಕೊಟ್ಟೆ. ಇದು ಲಗಾಮು ಅಂದುಕೋ, ಆ ಕಡೆ ತುದಿ ನನ್ನ ಕೈಲಿರುತ್ತೆ, ಕುದುರೆ ಏಳುವ ಮುಂಚೆ ನಿನ್ನ ಕೈ ಏನು ಮಾಡುತ್ತಿತ್ತು ತೋರಿಸು ಅಂದೆ. ಅವನು ಎರಡೂ ಕೈ ಎದೆಗೆ ಎಳೆದುಕೊಂಡ. ಬೆರಳ ಗೆಣ್ಣು ಬೆಳ್ಳಗಾದವು. ಕುರ್ಚಿಯಲ್ಲಿ ಕೂತಿದ್ದರೂ ಹಿಮ್ಮಡಿ ತಾನಾಗಿ ಕುರ್ಚಿ ಕಾಲಿಗೆ ಒತ್ತಿತು. ಮುಂದೆ ಹೋಗು ಅಂತ ಕಾಲು ಹೇಳ್ತಿದೆ, ನಿಲ್ಲು ಅಂತ ಕೈ ಹೇಳ್ತಿದೆ. ಯಾರು ಹೀಗೆ ಕಲಿಸಿದರು ಅಂತ ಕೇಳಿದೆ. ಅವನು ಅಪ್ಪನ ಕಡೆ ನೋಡಿದ. ಅಪ್ಪ, "ಬಿಗಿ ಹಿಡೀಲಿಲ್ಲಂದ್ರ ಅದು ಮಾತ ಕೇಳಂಗಿಲ್ರಿ" ಅಂದರು.

ಆವತ್ತಿನ ಮುಖ್ಯ ಮಾತು ಇದೇ ಅಂದುಕೊಂಡು ನಾನು ಬರೆದುಕೊಳ್ಳುತ್ತಿದ್ದೆ. ಆಗ ಅಮ್ಮ, ಬಸ್ಸಿಗೆ ಹೊತ್ತಾಯಿತು ಅಂತ ಎದ್ದವರು, ಯಾರನ್ನೂ ನೋಡದೆ ಹೇಳಿದರು: "ಅದು ಕಣಕಿ ತಿನ್ನೂದಿಲ್ರಿ ಈಗೀಗ. ಅಗದು ಅಗದು ಉಂಡಿ ಮಾಡಿ ಉಗಳ್ತೈತಿ. ದಿನಾ ಬೆಳಿಗ್ಗಿ ನಾನ ಬಳೀತೀನಿ."

ಕಣಕಿ ಅಂದರೆ ಜೋಳದ ಒಣ ಮೇವು. ಎಷ್ಟು ದಿನದಿಂದ ಅಂದೆ. ಹೋದ ವರ್ಷ ಜೋಳದ ರಾಶಿ ಆದಾಗಿನಿಂದ ಅಂದರು. ಅಂದರೆ ಕುದುರೆ ಮೊದಲ ಸಲ ಎದ್ದು ನಿಲ್ಲುವ ಎರಡು ತಿಂಗಳು ಮುಂಚೆಯಿಂದ. ಯಾರಿಗೂ ಹೇಳಲಿಲ್ವಾ ಅಂದೆ. "ಯಾರೂ ಕೇಳಲಿಲ್ರಿ."

ಈ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲೇ ಇಟ್ಟುಕೊಂಡು ತಿರುಗಿದ್ದೇನೆ. ನನ್ನ ಅಜ್ಜ ಮಿರಜದಲ್ಲಿ ಟಾಂಗಾ ಹೊಡೆಯುತ್ತಿದ್ದರು, ಹಾಗಾಗಿ ಅಷ್ಟೋ ಇಷ್ಟೋ ನನಗೂ ಗೊತ್ತು. ಕುದುರೆಯ ಹಲ್ಲು ಜೀವಮಾನವಿಡೀ ಹೊರಗೆ ಬರುತ್ತಲೇ ಇರುತ್ತದೆ, ಅಗಿದು ಅಗಿದು ಸವೆಯುತ್ತದೆ. ಸಮನಾಗಿ ಸವೆಯದಿದ್ದರೆ ಮೇಲಿನ ದವಡೆ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ, ಕೆಳಗಿನದರ ಒಳ ಅಂಚು ನಾಲಿಗೆ ಕೊಯ್ಯುತ್ತದೆ. ಮೇವು ಉಂಡೆ ಕಟ್ಟಿ ಉಗುಳುವುದು ಬಾಯಿ ನೋವಿನ ಗುರುತು. ಆ ಬಾಯಿಗೆ ಕಡಿವಾಣ ಹಾಕಿ ಎರಡೂ ಕೈಲಿ ಎಳೆದರೆ ಏನಾಗಬೇಕು? ಮುಂದೆ ಹೋದರೆ ಬಾಯಿ ಹರಿಯುತ್ತದೆ, ನಿಂತರೆ ಹೊಟ್ಟೆಗೆ ಹಿಮ್ಮಡಿ ಬೀಳುತ್ತದೆ. ಕುದುರೆ ಮೇಲಕ್ಕೆ ಎದ್ದಿತು.

ಆವತ್ತು ನಾನು ಕೊಟ್ಟ ಸಲಹೆ ಚಿಕ್ಕದು. ಪಶುವೈದ್ಯರು ಬಾಯಿ, ಬೆನ್ನು ನೋಡಿ ಸರಿ ಅನ್ನುವ ತನಕ ಯಾರೂ ಆ ಕುದುರೆ ಹತ್ತಬಾರದು. ಹುಡುಗನೂ ಬೇಡ, ಅಪ್ಪನೂ ಬೇಡ, ಕಲಿಸಿಕೊಡ್ತೀನಿ ಅಂತ ಬರುವ ಪೈಲ್ವಾನನೂ ಬೇಡ. ಹುಡುಗನಿಗೆ ಬೇರೆಯಾಗಿ ಒಂದು ಮಾತು ಹೇಳಿದೆ: ನಿನ್ನ ಭಯ ಸರಿಯಾಗಿದೆ.

ಇದಕ್ಕೇ ಆಕ್ಷೇಪ ಬಂದಿದ್ದು. ಭಯಪಟ್ಟವನನ್ನು ಆ ವಸ್ತುವಿನಿಂದ ದೂರ ಇಟ್ಟರೆ ಭಯ ಬೇರು ಬಿಡುತ್ತೆ, ಮೆಟ್ಟಿಲು ಮೆಟ್ಟಿಲಾಗಿ ಎದುರಿಗೆ ನಿಲ್ಲಿಸಬೇಕು ಅನ್ನೋದು ನಮ್ಮ ಕೆಲಸದ ಮೊದಲ ಪಾಠ. ನಾನೂ ಅದನ್ನೇ ಮಾಡುತ್ತೇನೆ. ಲಿಫ್ಟಿಗೆ ಹೆದರುವವರನ್ನು ಲಿಫ್ಟಿನಲ್ಲೇ ಕರ್ಕೊಂಡು ಹೋಗಿದ್ದೇನೆ. ಆದರೆ ಆ ಪಾಠ ನಡೆಯುವುದು ಅಪಾಯಕ್ಕಿಂತ ಭಯ ದೊಡ್ಡದಾಗಿದ್ದಾಗ. ಇಲ್ಲಿ ಮುನ್ನೂರು ಕಿಲೋಗಿಂತ ಜಾಸ್ತಿ ತೂಕದ ಪ್ರಾಣಿ ಹಿಂದಕ್ಕೆ ಬಿದ್ದರೆ ಸವಾರ ಅದರ ಅಡಿಯಲ್ಲಿರುತ್ತಾನೆ. ಜೀನಿನ ಮುಂದಿನ ಉಬ್ಬು ಎದೆಗೆ ಬರುತ್ತದೆ. ಸವಾರಿಯಲ್ಲಿ ಇದಕ್ಕಿಂತ ಕೆಟ್ಟ ಬೀಳು ಕಡಿಮೆ. ಅಲ್ಲಿಗೆ ಮಗನನ್ನು ಕಳಿಸಿ ನಾಳೆ ಏನಾದರೂ ಆದರೆ, ಧೈರ್ಯ ಬಂದಿತ್ತು ಅಂತ ಆ ತಾಯಿಗೆ ನಾನು ಹೇಳಲೇ?

ವೈದ್ಯರು ಬಾಯಿ ತೆಗೆಸಿ ನೋಡಿದಾಗ ಎರಡೂ ಕೆನ್ನೆಯ ಒಳಗೆ ಗಾಯ ಇತ್ತು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಇರುತ್ತದಲ್ಲ, ಕಡಿವಾಣ ಕೂರುವ ಜಾಗ, ಅಲ್ಲಿ ಎಲುಬಿನ ಮೇಲೆ ತೆಳ್ಳನೆಯ ತೊಗಲಷ್ಟೇ ಇರುವುದು. ಆ ಜಾಗದಲ್ಲಿ ಹಳೇ ಕಲೆ, ಹೊಸ ಹುಣ್ಣು ಎರಡೂ. ಹುಡುಗ ಕಡಿವಾಣವನ್ನೇ ತಂದು ನನ್ನ ಮೇಜಿನ ಮೇಲಿಟ್ಟ. ಎರಡೂ ತುದಿಯ ಬಿಲ್ಲೆಗಳ ಒಳಮೈಗೆ ಗೋಧಿ ಕಾಳಿನಷ್ಟು ಉದ್ದದ ಮುಳ್ಳು. ಸಂತೆಯಲ್ಲಿ ಕುದುರೆಯ ಜೊತೆಗೇ ಬಂದದ್ದಂತೆ. ಭಾರ ಎಳೆಯುವ, ಹೊರುವ ಪ್ರಾಣಿಗಳ ಹಿಂಸೆ ತಡೆಯಲು 1965ರಲ್ಲೇ ನಿಯಮ ಬಂದಿವೆ, ಅದರಲ್ಲಿ ಮುಳ್ಳಿನ ಕಡಿವಾಣಕ್ಕೆ ನಿಷೇಧ ಇದೆ. ಆದರೂ ಬಳಕೆ ನಿಂತಿಲ್ಲ.

ಹಲ್ಲಿಗೆ ಅರ ಹಾಕಿಸಿ ಚೂಪು ತೆಗೆಸಿದರು. ಮುಳ್ಳಿನ ಕಡಿವಾಣ ಹೋಯಿತು. ಆರು ವಾರ ಬಾಯಿಗೆ ಏನೂ ಹಾಕಲಿಲ್ಲ, ಬರೀ ಮುಖಕ್ಕೆ ಕಟ್ಟುವ ಹಗ್ಗ. ಹುಡುಗ ದಿನಾ ಅದನ್ನು ಹೊಲದ ಬದುವಿನ ಮೇಲೆ ನಡೆಸಿದ. ನಿಲ್ಲು ಅಂದರೆ ನಿಲ್ಲೋದು, ಪಕ್ಕಕ್ಕೆ ತಲೆ ತಿರುಗಿಸಿದರೆ ಹಿಂಗಾಲು ಸರಿಸೋದು, ಮುಂದೆ ಅಂದರೆ ಬರೋದು. ಇಷ್ಟೇ. ಭಯ ಕಡಿಮೆಯಾಗಿದ್ದು ಇಲ್ಲಿ, ನೆಲದ ಮೇಲೆ. ಅಮ್ಮ ಫೋನ್ ಮಾಡಿ ಉಂಡೆ ಉಗುಳೋದು ನಿಂತಿತು ಅಂದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ಸಂಜೆ ಪಕ್ಕದ ಓಣಿಯಲ್ಲಿ ಮದುವೆ ಮೆರವಣಿಗೆ, ಹಲಗಿ ಬಾರಿಸಿದರು. ಬೆನ್ನ ಮೇಲೆ ಯಾರೂ ಇಲ್ಲ, ಬಾಯಿಯಲ್ಲಿ ಏನೂ ಇಲ್ಲ, ಆದರೂ ಕುದುರೆ ಎದ್ದು ನಿಂತಿತು. ಮಾರಿದವನನ್ನು ಹುಡುಕಿ ಕೇಳಿದರೆ, ಅದು ಮೊದಲು ಮದುವೆಯಲ್ಲಿ ಕುಣಿಯುವ ಕುದುರೆ. ಹಲಗಿ ಸಪ್ಪಳಕ್ಕೆ ಮುಂಗಾಲೆತ್ತೋದು ಕಲಿಸಿದ್ದೇ ಅವರು. ಪಾಪ, ಅದು ಕಲಿತದ್ದನ್ನು ಮಾಡಿದೆ.

ಅಪ್ಪ ಸೋತು ಹೋದರು. ಮತ್ತೆ ಅಕಲೂಜಕ್ಕೆ ಹೊಡ್ಕೊಂಡು ಹೋಗಿ ಮಾರಿಬಿಡ್ತೀನಿ, ಏಳುತ್ತೆ ಅಂತ ಯಾರಿಗೂ ಹೇಳೋದು ಬೇಡ ಅಂದರು. ನಾನು ಸಾಮಾನ್ಯವಾಗಿ ಹೀಗೇ ಮಾಡಿ ಅಂತ ಯಾರಿಗೂ ಒತ್ತಾಯ ಮಾಡಲ್ಲ. ಆವತ್ತು ಮಾಡಿದೆ. ಇನ್ನೊಬ್ಬರ ಮಗನ ಎದೆ ಮೇಲೆ ಬೀಳಲಿ ಅಂತಲಾ ಅಂತ ಕೇಳಿದೆ. ಮಾರುವುದಾದರೆ ಎಲ್ಲ ಹೇಳಿ ಮಾರಿ, ಇಲ್ಲಾ ಇಟ್ಟುಕೊಂಡು ನಡೆಸಿ ಅಂದೆ.

ಸವಾರ ಇಲ್ಲದ ಕುದುರೆ ಜಾತ್ರೆಯಲ್ಲಿ ನಡೆದರೆ ಜನ ನಗ್ತಾರೆ ಅಂದರು. ಅವರು ವಾರಕರಿ, ಅಂದರೆ ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲನ ಭಕ್ತರು, ತುಳಸಿ ಮಾಲೆ ಹಾಕಿದವರು. ಜ್ಞಾನೇಶ್ವರ ಮಹಾರಾಜರ ಪಾಲಕಿ ಪಂಢರಪುರಕ್ಕೆ ಹೋಗುವಾಗ ಚಿಕ್ಕೋಡಿ ಕಡೆಯ ಅಂಕಲಿಯಿಂದ ಬರುವ ಎರಡು ಕುದುರೆ ಓಡುತ್ತವಲ್ಲ, ಅದರಲ್ಲಿ ಮಾವುಲಿಯ, ಅಂದರೆ ಜ್ಞಾನೇಶ್ವರರ, ಕುದುರೆ ಮೇಲೆ ಯಾರು ಕೂತಿರುತ್ತಾರೆ ಅಂತ ಕೇಳಿದೆ. ಯಾರೂ ಕೂರುವುದಿಲ್ಲ. ರಿಂಗಣದಲ್ಲಿ, ಅಂದರೆ ಭಕ್ತರ ನಡುವೆ ಆ ಕುದುರೆ ಓಡಿಸುವಾಗ, ಅದರ ಗೊರಸಿನ ಧೂಳು ಹಣೆಗೆ ಹಚ್ಚಿಕೊಂಡವರು ಅವರು. ಬಹಳ ಹೊತ್ತು ಸುಮ್ಮನೆ ಕೂತರು.

ಓದುವವರಲ್ಲಿ ಯಾರಾದರೂ ಇಂಥ ಕುದುರೆ ಮೇಲೆ ಈಗಾಗಲೇ ಕೂತುಬಿಟ್ಟಿದ್ದರೆ ಇಷ್ಟು ತಿಳಿದಿರಲಿ. ಏಳುವ ಮುಂಚೆ ಅದು ನಿಲ್ಲುತ್ತದೆ, ಮುಂಭಾಗ ಹಗುರ ಆಗುತ್ತದೆ. ಆಗಲೇ ಒಂದೇ ಕಡೆಯ ಲಗಾಮಿನಿಂದ ತಲೆ ಪಕ್ಕಕ್ಕೆ ತಿರುಗಿಸಿ ಹಿಂಗಾಲು ಸರಿಸುವಂತೆ ಮಾಡಬೇಕು. ಎದ್ದೇಬಿಟ್ಟರೆ ಲಗಾಮು ಪೂರ್ತಿ ಸಡಿಲ ಬಿಡಿ, ಮುಂದಕ್ಕೆ ಬಾಗಿ ಕುತ್ತಿಗೆ ತಬ್ಬಿ. ಎಳೆದರೆ ನಿಮ್ಮ ಮೇಲೇ ಬೀಳುತ್ತದೆ. ಹಿಂದಕ್ಕೆ ವಾಲಿತು ಅನ್ನಿಸಿದರೆ ರಿಕಾಬಿನಿಂದ ಕಾಲು ತೆಗೆದು ಪಕ್ಕಕ್ಕೆ ಹಾರಿ. ನೆಲ ಮುಟ್ಟಿದ ಮೇಲೆ ಹೊಡೆಯಬೇಡಿ. ಮನೆಗೆ ಬಂದು, ಅದಕ್ಕೆ ಮೇವು ಹಾಕುವವರನ್ನು ಕೂರಿಸಿಕೊಂಡು ಕೇಳಿ: ಹೇಗೆ ತಿನ್ನುತ್ತೆ, ಏನು ಬಿಡುತ್ತೆ, ಜೀನು ಕಂಡರೆ ಬೆನ್ನು ತಗ್ಗಿಸುತ್ತಾ, ಎಷ್ಟು ಹೊತ್ತು ಹೊಟ್ಟೆ ಖಾಲಿ ಇರುತ್ತೆ.

ಜಾತ್ರೆಯಲ್ಲಿ ಹುಡುಗ ಕುದುರೆಯನ್ನು ಕೈಹಗ್ಗದಲ್ಲಿ ನಡೆಸಿದ. ಹಲಗಿಯವರು ಬಹಳ ಮುಂದೆ ಹೋಗಲಿ ಅಂತ ಮೊದಲೇ ಕೇಳಿಕೊಂಡಿದ್ದರು. ಒಂದು ಸಲ ಕಿವಿ ನಿಮಿರಿಸಿ ನಿಂತಿತಂತೆ, ಅವನು ತಲೆ ಪಕ್ಕಕ್ಕೆ ತಿರುಗಿಸಿ ಒಂದು ಸುತ್ತು ಹಾಕಿಸಿದ, ಮತ್ತೆ ನಡೆಯಿತು. ಮಗ ಯಾವಾಗ ಹತ್ತುತ್ತಾನೆ ಅಂತ ಅಪ್ಪ ಇನ್ನೂ ಕೇಳುತ್ತಾರೆ. ಹತ್ತದೆಯೂ ಇರಬಹುದು ಅಂತ ನಾನು ಹೇಳುತ್ತೇನೆ. ಅದು ಅವರಿಗೆ ಇಷ್ಟವಾಗಿಲ್ಲ. ಯುಗಾದಿ ಆದ ಮೇಲೆ ಹಲ್ಲು ಇನ್ನೊಮ್ಮೆ ತೋರಿಸಬೇಕು. ಆ ತಾರೀಖು ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾರೆ.