ಎಲ್ಲಿ ಸಹಿ ಹಾಕಬೇಕು ಮೇಡಂ?

ಗುಡ್ಡ ಜರಿದು, ಹೊಳೆ ನುಗ್ಗಿ ನೆಲೆ ಕಳೆದುಕೊಂಡವರ ಮನಸ್ಸಿನ ಕಷ್ಟ ಕೇಳುವುದು ನನ್ನ ಕೆಲಸ. ಮುಂದೆ ಹೇಳುವಂಥ ಮನೆಗಳು ನನಗೆ ಮತ್ತೆ ಮತ್ತೆ ಸಿಗುತ್ತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿಯಿತು. ಮರುವರ್ಷ ತೋರ ಗ್ರಾಮದಲ್ಲಿ ಜರಿಯಿತು. ಕರಡಿಗೋಡಿನ ಹೊಳೆದಂಡೆಯ ಮನೆಗಳಿಗೆ ಕಾವೇರಿ ನುಗ್ಗಿತು. ಪ್ರತಿ ಸಲವೂ ಒಳ್ಳೆಯ ಮನಸ್ಸಿನ ಹುಡುಗ ಹುಡುಗಿಯರು ಸಹಾಯಕ್ಕೆ ಓಡಿ ಬಂದರು. ಈ ಬರಹ ಮುಖ್ಯವಾಗಿ ಅವರಿಗೆ.

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅಂಥ ಒಂದು ಮನೆ: ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಮೂರೆಕರೆ ಕಾಫಿ ತೋಟ, ಮನೆ ಎರಡೂ ಮಣ್ಣಿನಡಿ ಹೋದವು. ಮೊದಲು ಪರಿಹಾರ ಕೇಂದ್ರ, ಆಮೇಲೆ ಬಾಡಿಗೆ ಮನೆ, ಕೊನೆಗೆ ಸರ್ಕಾರದ ಹೊಸ ಬಡಾವಣೆ. 2020ರಲ್ಲಿ ಜಂಬೂರು, ಮದೆನಾಡಿನಲ್ಲಿ ಕೀ ಕೊಟ್ಟರಲ್ಲ, ಅಂಥದ್ದು. ಸುತ್ತ ಗುರುತಿನ ಮುಖ ಒಂದೂ ಇಲ್ಲ. ತೋಟದ ನಡುವೆ ಬದುಕಿದವರಿಗೆ ಪಕ್ಕದ ಮನೆಯ ಮಿಕ್ಸಿ ಸದ್ದು ಕೇಳಿಸುವ ಸಾಲು ಮನೆ.

ಇಬ್ಬರು ಸ್ವಯಂಸೇವಕರು ಈ ಮನೆಯ ಜವಾಬ್ದಾರಿ ತೆಗೆದುಕೊಂಡಿದ್ದರು. ನನ್ನನ್ನು ಕರೆದದ್ದೂ ಅವರೇ. "ಅಣ್ಣ ಯಾವುದಕ್ಕೂ ಏಳುವುದಿಲ್ಲ ಮೇಡಂ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಎಲ್ಲಾ ನಾವೇ ಮಾಡಿಸಿ ಕೊಟ್ಟೆವು. ಒಂದು ಒಳ್ಳೆ ಮಾತಿಲ್ಲ. ಖಿನ್ನತೆ ಇರಬೇಕು."

ನಾನು ಹೋದೆ. ಸ್ವಯಂಸೇವಕರನ್ನು ಹೊರಗೆ ಕೂರಿಸಿದೆ. ಅವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಒಳಗೆ ಕುಳಿತು, ನಿದ್ದೆ, ಊಟದ ವಿಷಯ ಬರೆದುಕೊಳ್ಳೋಣ ಅಂತ ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಗಂಡ ಕೈ ಮುಂದೆ ಚಾಚಿ ಕೇಳಿದರು: "ಎಲ್ಲಿ ಸಹಿ ಹಾಕಬೇಕು ಮೇಡಂ?"

"ಏನಕ್ಕೆ ಸಹಿ?" ಎಂದೆ.

"ಅದು ನನಗೆ ಹೇಗೆ ಗೊತ್ತಾಗಬೇಕು?"

ಒಲೆಯ ಹತ್ತಿರವಿದ್ದ ಹೆಂಡತಿ ಆಗ ಮಾತಾಡಿದರು. "ಪೆನ್ಸಿಲ್‌ನಲ್ಲಿ ಗುರುತು ಹಾಕಿ ತರುತ್ತಾರೆ. ಇವರು ಹಾಕುತ್ತಾರೆ. ಆ ಮಕ್ಕಳು ಒಳ್ಳೆಯವರು, ತಪ್ಪು ತಿಳಿಯಬೇಡಿ. ಆದರೆ ಮೊದಲು ಕಾಫಿ ಕುಯ್ಲಿನಲ್ಲಿ ಆಳುಗಳ ಲೆಕ್ಕ, ದೇವಸ್ಥಾನದ ಲೆಕ್ಕ ಎಲ್ಲಾ ಇವರೇ ಬರೆಯುತ್ತಿದ್ದದ್ದು. ಈಗ ನಮ್ಮ ಮನೆಯ ಫೈಲು ಅವರ ಬ್ಯಾಗಿನಲ್ಲಿದೆ."

ಗಂಡ ಮೆಲ್ಲಗೆ ಸೇರಿಸಿದರು. "ಗುಡ್ಡ ತೆಗೆದುಕೊಂಡು ಹೋದದ್ದು ತೋಟ, ಮನೆ. ಉಳಿದದ್ದನ್ನು ಸುಲಭ ಮಾಡಿಕೊಡುತ್ತೇವೆ ಅಂತ ಈ ಮಕ್ಕಳು ತೆಗೆದುಕೊಂಡು ಹೋದರು."

ಈ ಮಾತಿನಲ್ಲಿ ಸಿಟ್ಟಿತ್ತು. ನನಗೆ ಸಮಾಧಾನ ಆಯಿತು. ಸಿಟ್ಟು ಬರುವ ಮನುಷ್ಯನ ಜೊತೆ ಕೆಲಸ ಮಾಡಬಹುದು. ಆಮೇಲೆ ತುಂಬಾ ಹೊತ್ತು ಮಾತಾಡಿದೆವು. ಜರಿತದ ಕಥೆ ನಾನು ಕೇಳಲಿಲ್ಲ. ನೋಡಲು ಬಂದವರಿಗೆಲ್ಲ ಅದನ್ನು ಹೇಳಿ ಅವರಿಗೆ ಸಾಕಾಗಿತ್ತು. ದುರಂತದ ನಂತರದ ಮೊದಲ ಮಾನಸಿಕ ನೆರವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಕೈಪಿಡಿ ತಂದಿದೆ. ಕಥೆ ಹೇಳು ಎಂದು ಒತ್ತಾಯಿಸಬೇಡಿ ಅಂತ ಅದರಲ್ಲಿದೆ. ಜನ ತಮ್ಮ ಬದುಕನ್ನು ತಾವೇ ಮತ್ತೆ ಹಿಡಿತಕ್ಕೆ ತಂದುಕೊಳ್ಳಲು ನೆರವಾಗಿ ಅಂತಲೂ ಇದೆ. ಎರಡನೆಯದನ್ನು ನಾವು ಓದಿ ಮರೆಯುತ್ತೇವೆ.

ಸ್ವಯಂಸೇವಕರಿಗೆ ನಾನು ಕೊಟ್ಟ ಸಲಹೆ ಇಷ್ಟು. ಫೈಲು ಇವತ್ತೇ ಈ ಮನೆಗೆ ಬರಬೇಕು. ಅರ್ಜಿ ಅವರೇ ತುಂಬಬೇಕು. ತಾಲ್ಲೂಕು ಕಚೇರಿಗೆ ಅವರೇ ಹೋಗಬೇಕು. ಕರೆದರೆ ಮಾತ್ರ ನೀವು ಜೊತೆಗೆ ಹೋಗಿ, ಕೌಂಟರ್‌ನಲ್ಲಿ ಬಾಯಿ ಹಾಕಬೇಡಿ. ತಪ್ಪಬಾರದ ತಾರೀಕುಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಅವರ ಕೈಯಲ್ಲೇ ಬರೆಸಿ. ಮನೆಗೆ ಹೋದಾಗ ಕಾಫಿ ಕೊಟ್ಟರೆ "ತೊಂದರೆ ಬೇಡ" ಎನ್ನದೆ ಕುಡಿಯಿರಿ. ಕೊಡಗಿನಲ್ಲಿ ಬಂದವರಿಗೆ ಕಾಫಿ ಕೊಡದ ಮನೆ ಮನೆಯೇ ಅಲ್ಲ, ಅಲ್ವಾ?

ಇನ್ನೊಂದು ವಿಷಯವನ್ನು ಇದರ ಜೊತೆ ಬೆರೆಸಲಿಲ್ಲ. ರಾತ್ರಿ ಜೋರು ಮಳೆ ಬಂದರೆ ಗಂಡ ಎದ್ದು ಕೂರುತ್ತಿದ್ದರು, ಮಗಳನ್ನೂ ಎಬ್ಬಿಸುತ್ತಿದ್ದರು. ಅದು ಫೈಲು ಕೊಟ್ಟರೆ ಹೋಗುವಂಥದ್ದಲ್ಲ. ಮಡಿಕೇರಿಗೆ ಮನೋವೈದ್ಯರ ಹತ್ತಿರ ಕಳಿಸಿದೆ. ಇಂಥ ರಾತ್ರಿಯಲ್ಲಿ ಯಾರೂ ಸಿಗದಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬದುಕೇ ಬೇಡ ಎಂಬ ಮಾತು ಬಂದರಂತೂ ಕಾಯಬೇಡಿ.

ಸ್ವಯಂಸೇವಕರು ಒಪ್ಪಲಿಲ್ಲ. ಅವರಲ್ಲಿ ಹುಡುಗಿ ನೇರವಾಗಿಯೇ ಕೇಳಿದಳು. "ನಾವು ಹೋದರೆ ಒಂದು ದಿನದಲ್ಲಿ ಆಗುವ ಕೆಲಸಕ್ಕೆ ಅಣ್ಣನನ್ನು ಮೂರು ಸಲ ಅಲೆಸುತ್ತಾರೆ. ಬಸ್ ಚಾರ್ಜು, ಕೂಲಿ ಯಾರು ಕೊಡುತ್ತಾರೆ?" ನಿಜ. ಕೊಡಗಿನಲ್ಲಿ ಜಮೀನಿನ ಕಾಗದ ಸುಲಭವಲ್ಲ. ಎಷ್ಟೋ ಮನೆಗಳ ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಇನ್ನೂ ಅಜ್ಜನದೋ ಪಟ್ಟೇದಾರನದೋ (ಕುಟುಂಬದ ಹಿರಿಯನದೋ) ಹೆಸರಿದೆ. ಅಲೆಸುತ್ತಾರೆ, ಗೊತ್ತು. ಆದರೂ ನನ್ನ ಸಲಹೆ ಅದೇ. ಪರಿಹಾರ ಕೇಂದ್ರದ ಮೊದಲ ವಾರಗಳಲ್ಲಿ ಅವರ ಪರವಾಗಿ ಎಲ್ಲಾ ಮಾಡುವುದು ಸರಿ. ಆಗ ಮೈಮೇಲಿನ ಬಟ್ಟೆಯೂ ಒದ್ದೆ. ಹೊಸ ಮನೆಗೆ ಬಂದ ಮೇಲೂ ಹಾಗೇ ಮಾಡುತ್ತಿದ್ದರೆ ಅದು ಯಾರಿಗೆ ಬೇಕಾಗಿದೆ ಅಂತ ಕೇಳಿಕೊಳ್ಳಬೇಕು. ಸಹಾಯ ಮಾಡುವವರಿಗೂ ಒಂದು ಹಸಿವಿರುತ್ತದೆ.

ನಮ್ಮ ಹತ್ತಿರದಲ್ಲೇ ಒಂದು ಉದಾಹರಣೆ ಇದೆ. ಕಾವೇರಿಯ ಆಚೆ ಬೈಲಕುಪ್ಪೆಗೆ 1960ರ ದಶಕದ ಶುರುವಿನಲ್ಲಿ ಟಿಬೆಟಿಯನ್ ನಿರಾಶ್ರಿತರು ಬಂದಾಗ ಸಿಕ್ಕಿದ್ದು ಕಾಡು. ಅದನ್ನು ಕಡಿದು ಸಮ ಮಾಡಿದ್ದರಲ್ಲಿ ಅವರದೇ ಕೈ ಇತ್ತು. ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿಕೊಂಡರು. ಸುಖದ ಕಾಲವೇನಲ್ಲ, ಬಿಸಿಲು, ಕಾಯಿಲೆ, ಆನೆ ಎಲ್ಲಾ ಇತ್ತು. ಹೊರಗಿನ ನೆರವೂ ಬಂತು. ಆದರೆ ಬೆಳಿಗ್ಗೆ ಎದ್ದರೆ ಮಾಡಲು ಅವರದೇ ಕೆಲಸ ಇತ್ತು.

ನಾನು ಹೇಳುತ್ತಿದ್ದ ಮನೆಯಲ್ಲಿ ಏನಾಯಿತು? ಮೊದಲ ಸಲ ಗಂಡ ತಾಲ್ಲೂಕು ಕಚೇರಿಯಿಂದ ಬರಿಗೈಯಲ್ಲಿ ವಾಪಸ್ ಬಂದರು. ಬೇರೆ ಫಾರಂ ತುಂಬಿದ್ದರು. ಎರಡನೇ ಸಲ ಗುಮಾಸ್ತರ ಜೊತೆ ಜಗಳ ಮಾಡಿ ಬಂದರು. ಆವತ್ತು ಸಂಜೆ ಎರಡು ತಟ್ಟೆ ಊಟ ಮಾಡಿದರು ಅಂತ ಹೆಂಡತಿ ಫೋನ್‌ನಲ್ಲಿ ನಗುತ್ತಾ ಹೇಳಿದರು. ಬಡಾವಣೆಯ ಇನ್ನಿಬ್ಬರು ಈಗ ಅರ್ಜಿ ಬರೆಸಲು ಅವರ ಹತ್ತಿರ ಬರುತ್ತಾರಂತೆ. ಅಜ್ಜನ ಹೆಸರಿನಿಂದ ಖಾತೆ ಮಾತ್ರ ಇನ್ನೂ ಬದಲಾಗಿಲ್ಲ. ಆ ಹುಡುಗಿ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಕಾಫಿ ಕುಡಿದು ಬರುತ್ತಾಳೆ. ಖಾತೆ ತಡವಾದದ್ದಕ್ಕೆ ನನ್ನ ಮೇಲೆ ಅವಳಿಗೆ ಈಗಲೂ ಸಿಟ್ಟಿದೆ.